ಬ್ಯಾರೋಮೀಟರ್, ರೈನ್ ಗೇಜ್ ತಪ್ಪು ತೋರಿಸುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವುದು ಹೀಗೆ

ಗೋಡೆಗೆ ತೂಗುಹಾಕಿದ ಹಿತ್ತಾಳೆ ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯುವ ಉಪಕರಣ), ಆನ್‌ಲೈನ್‌ನಲ್ಲಿ ತರಿಸಿದ ಡಿಜಿಟಲ್ ವೆದರ್ ಸ್ಟೇಷನ್, ತೋಟದ ರೈನ್ ಗೇಜ್ (ಮಳೆಮಾಪಕ), ಕಾಲೇಜು ಲ್ಯಾಬಿನ ಪಾದರಸದ ಬ್ಯಾರೋಮೀಟರ್. ಇವುಗಳ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಉಪಕರಣದ ದೋಷವೇ ಅಲ್ಲ. ಅದನ್ನು ಎಲ್ಲಿ ಇಟ್ಟಿದ್ದೀರಿ, ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿದೆಯಾ, ಯಾವ ಹೊತ್ತಿನಲ್ಲಿ ಓದುತ್ತಿದ್ದೀರಿ? ತೊಂದರೆ ಸಾಮಾನ್ಯವಾಗಿ ಈ ಮೂರರಲ್ಲೇ ಇರುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಹುಡುಕುವ ಮೊದಲು ನಿಮ್ಮ ಲಕ್ಷಣ ಕೆಳಗೆ ಎಲ್ಲಿದೆ ನೋಡಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಬಿಚ್ಚುವ ಕೆಲಸ ಕೊನೆಗೆ.

ಶುರು ಮಾಡುವ ಮೊದಲು

ಗುಡುಗು ಕೇಳಿಸುತ್ತಿದ್ದರೆ ತಾರಸಿಗೆ ಹೋಗಬೇಡಿ. ಗಾಳಿಮಾಪಕದ ಕಬ್ಬಿಣದ ಕಂಬ ಮುಟ್ಟುವುದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿಯ ಮೇಲೆ ಏಣಿ ಇಡಬೇಡಿ. ಕಂಬ ಇಳಿಸುವಾಗ ಅದು ವಾಲಿದರೆ ಕರೆಂಟ್ ತಂತಿಗೆ ತಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಥರ್ಮಾಮೀಟರ್ ಇಟ್ಟ ಮರದ ಪೆಟ್ಟಿಗೆಯ ಬಾಗಿಲನ್ನು ಮುಖ ಹತ್ತಿರ ಇಟ್ಟು ತೆಗೆಯಬೇಡಿ, ಒಳಗೆ ಕಡಜದ ಗೂಡಿರುವುದು ಮಾಮೂಲು. ಪಾದರಸದ ವಿಷಯ ಬೇರೆಯೇ, ಅದಕ್ಕೆ ಕೆಳಗೆ ಪ್ರತ್ಯೇಕ ಭಾಗ ಇದೆ.

"ಮೊಬೈಲಿನ ಹವಾಮಾನ ಆ್ಯಪ್ 1012 ಅನ್ನುತ್ತದೆ, ನನ್ನದು 910 ತೋರಿಸುತ್ತಿದೆ"

ಬೆಂಗಳೂರಿನಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಉಪಕರಣ ಸರಿಯಾಗೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ನಿಜವಾದ ಒತ್ತಡ 910 ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ, ಆ್ಯಪ್‌ನ 1012 ಕೂಡ ಇದೇ ಲೆಕ್ಕ) ಆಸುಪಾಸು. ಮಡಿಕೇರಿಯಲ್ಲಿ 885ರ ಹತ್ತಿರ, ಮಂಗಳೂರಿನಲ್ಲಿ ಮಾತ್ರ 1010ರ ಹತ್ತಿರ. ಆ್ಯಪ್ ಮತ್ತು ಟಿವಿ ಹೇಳುವುದು "ಸಮುದ್ರಮಟ್ಟಕ್ಕೆ ಇಳಿಸಿದ" ಒತ್ತಡ. ಎಲ್ಲ ಊರುಗಳನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಲು ಮಾಡಿದ ಲೆಕ್ಕ ಅದು.

ಡಿಜಿಟಲ್ ಸ್ಟೇಷನ್‌ನ ಸೆಟ್ಟಿಂಗ್‌ನಲ್ಲಿ ಅಬ್ಸೊಲ್ಯೂಟ್, ರಿಲೇಟಿವ್ ಅಂತ ಎರಡು ಇರುತ್ತವೆ. ಅಬ್ಸೊಲ್ಯೂಟ್ ಅಂದರೆ ನಿಮ್ಮ ಕೋಣೆಯಲ್ಲಿ ಈಗ ಇರುವ ಒತ್ತಡ. ರಿಲೇಟಿವ್ ಅಂದರೆ ಸಮುದ್ರಮಟ್ಟದ ಲೆಕ್ಕ, ಅದಕ್ಕೆ ನಿಮ್ಮ ಜಾಗದ ಎತ್ತರ ತುಂಬಬೇಕು. ಎತ್ತರ ಸೊನ್ನೆ ಅಂತಲೇ ಬಿಟ್ಟಿದ್ದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ. ತುಂಬುವಾಗ ಅಡಿಯೋ ಮೀಟರೋ ಅಂತ ನೋಡಿ. 920 ಮೀಟರ್ ಅನ್ನುವ ಬದಲು 920 ಅಡಿ ಅಂತ ಹೋದರೆ ಅಂಕಿ 940ರ ಸುತ್ತ ನಿಲ್ಲುತ್ತದೆ. ಆಗ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಅಬ್ಸೊಲ್ಯೂಟ್ ಸರಿಯಿದೆಯಾ ಅಂತ ನೋಡಲು ಒಂದು ಬಿಟ್ಟಿ ಉಪಾಯ ಇದೆ. ಬಹಳಷ್ಟು ಮೊಬೈಲ್‌ಗಳಲ್ಲಿ ಒತ್ತಡದ ಸೆನ್ಸರ್ ಇರುತ್ತದೆ. ಬ್ಯಾರೋಮೀಟರ್ ಆ್ಯಪ್ ಹಾಕಿ, ಫೋನನ್ನು ಉಪಕರಣದ ಪಕ್ಕದಲ್ಲೇ ಇಡಿ. ಎರಡಕ್ಕೂ 2–3 ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಸಮುದ್ರಮಟ್ಟದ ಅಂಕಿ ಹೋಲಿಸಲು ಹತ್ತಿರದ ವಿಮಾನ ನಿಲ್ದಾಣದ ಮೆಟಾರ್ ವರದಿ (ವಿಮಾನಗಳಿಗಾಗಿ ಕೊಡುವ ಹವಾಮಾನ ವರದಿ) ನೋಡಿ. ಅದರಲ್ಲಿ ಕ್ಯೂ ಅಕ್ಷರದ ಮುಂದೆ ನಾಲ್ಕು ಅಂಕಿ ಇರುತ್ತದಲ್ಲ, ಅದೇ ನಮಗೆ ಬೇಕಾದದ್ದು. ಮೆಟಾರ್ ಲೆಕ್ಕವೂ ನಿಮ್ಮ ಯಂತ್ರದ ಲೆಕ್ಕವೂ ಒಂದೇ ರೀತಿಯದ್ದಲ್ಲ, ಅದಕ್ಕೇ ಎತ್ತರದ ಊರುಗಳಲ್ಲಿ ಕೆಲವು ಅಂಕಿ ಆಚೀಚೆ ಆಗುತ್ತದೆ. ಅದನ್ನು ದೋಷ ಅನ್ನಬೇಡಿ.

"ಮುಳ್ಳು ತಳಕ್ಕೆ ಹೋಗಿ ಸ್ಟಾರ್ಮಿ ಮೇಲೆ ಕೂತಿದೆ, ಹೊರಗೆ ಸುಡುಬಿಸಿಲು"

ಅಜ್ಜನ ಕಾಲದ ಅನೆರಾಯ್ಡ್ (ಪಾದರಸವಿಲ್ಲದ, ಮುಳ್ಳಿನ) ಬ್ಯಾರೋಮೀಟರ್‌ಗಳ ಡಯಲ್ ಸಾಮಾನ್ಯವಾಗಿ 28ರಿಂದ 31 ಇಂಚಿನವರೆಗೆ (ಪಾದರಸದ ಎತ್ತರದ ಲೆಕ್ಕ) ಇರುತ್ತದೆ. ಬೆಂಗಳೂರಿನ ನಿಜ ಒತ್ತಡ ಇಂಚಿನ ಲೆಕ್ಕದಲ್ಲಿ 27ಕ್ಕಿಂತ ತುಸು ಕಡಿಮೆ. ಅಂದರೆ ಡಯಲ್‌ನ ಆಚೆ! ಸಮುದ್ರಮಟ್ಟಕ್ಕೆ ಹೊಂದಿಸಿದ ಡಯಲ್ ಘಟ್ಟದ ಮೇಲೆ ಬಂದರೆ ಮುಳ್ಳು ತಳಕ್ಕೆ ಬೀಳಲೇಬೇಕು.

ಆದರೆ ಒಳಗಿನ ಡಬ್ಬಿ ಸೋರಿದರೂ ಇದೇ ಲಕ್ಷಣ. ಅನೆರಾಯ್ಡ್ ಒಳಗೆ ಗಾಳಿ ತೆಗೆದ, ಸುಕ್ಕುಸುಕ್ಕಾದ ತೆಳು ಲೋಹದ ಡಬ್ಬಿ ಇರುತ್ತದೆ. ಫ್ರಾನ್ಸಿನ ಲೂಸಿಯಾಂ ವಿದಿ 1844ರಲ್ಲಿ ಇದರ ಪೇಟೆಂಟ್ ಪಡೆದ. ಇವತ್ತಿಗೂ ವಿಧಾನ ಅದೇ. ಹೊರಗಿನ ಒತ್ತಡ ಹೆಚ್ಚಾದರೆ ಡಬ್ಬಿ ಕುಗ್ಗುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. ಆ ಕೂದಲೆಳೆಯಷ್ಟು ಚಲನೆಯನ್ನು ಸನ್ನೆ ಮತ್ತು ಸಣ್ಣ ಸರಪಳಿ ಹಿಗ್ಗಿಸಿ ಮುಳ್ಳಿಗೆ ಕೊಡುತ್ತವೆ. ಡಬ್ಬಿಗೆ ಗಾಳಿ ನುಗ್ಗಿದರೆ ಅದು ಉಬ್ಬಿಕೊಂಡೇ ಉಳಿಯುತ್ತದೆ, ಮುಳ್ಳು ತಳದಲ್ಲೇ ಬಿದ್ದಿರುತ್ತದೆ.

ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಜಿಪ್ ಲಾಕ್ ಕವರ್ ಸಾಕು. ಉಪಕರಣವನ್ನು ಒಳಗಿಡಿ, ಕವರ್ ತುಂಬ ಗಾಳಿ ಬಿಟ್ಟು ಜಿಪ್ ಹಾಕಿ. ಎರಡೂ ಅಂಗೈಯಿಂದ ಕವರನ್ನು ಮೆಲ್ಲಗೆ ಅಮುಕಿ. ಮುಳ್ಳು ಒಂಚೂರು ಮೇಲೆ ಸರಿದು, ಕೈ ಬಿಟ್ಟೊಡನೆ ವಾಪಸ್ ಬಂದರೆ ಡಬ್ಬಿ ಚೆನ್ನಾಗಿದೆ. ಅಲುಗಾಡಲೇ ಇಲ್ಲ ಅಂದರೆ ಡಬ್ಬಿ ಸೋರಿರಬಹುದು, ಇಲ್ಲವೇ ಮುಳ್ಳು ತಳದ ತಡೆಗೆ ತಾಗಿ ನಿಂತಿರಬಹುದು. ಜೋರಾಗಿ ಅಮುಕಬೇಡಿ, ಎರಡು ಮೂರು ಹೆಕ್ಟೊಪ್ಯಾಸ್ಕಲ್ ಏರಿಸಲು ಅಂಗೈಯ ಹಗುರ ಒತ್ತಡವೇ ಬೇಕಾದಷ್ಟಾಯಿತು.

ಡಬ್ಬಿ ಚೆನ್ನಾಗಿದ್ದರೆ ಹಿಂಬದಿಯಲ್ಲಿ ಒಂದು ಸಣ್ಣ ರಂಧ್ರ, ಅದರೊಳಗೆ ಸ್ಕ್ರೂ ಕಾಣುತ್ತದೆ. ಮುಳ್ಳನ್ನು ಸಮುದ್ರಮಟ್ಟದ ಅಂಕಿಗೆ ತರುವುದು ಅದರಿಂದಲೇ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಮುಳ್ಳು ನಿಂತ ಮೇಲೆ ಓದಿ. ಬೆಳಿಗ್ಗೆ 10ರ ಹೊತ್ತು ಇದಕ್ಕೆ ಒಳ್ಳೆಯ ಸಮಯ, ಯಾಕೆ ಅಂತ ಮುಂದಿನ ಭಾಗದಲ್ಲಿದೆ. ಸ್ಕ್ರೂ ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಎಲ್ಲ ಮಾಡೆಲ್‌ಗಳೂ 900 ಮೀಟರ್‌ಗೆ ಹೊಂದುವುದಿಲ್ಲ. ಹೊಂದದಿದ್ದರೆ ಅದನ್ನು ಬೆಂಗಳೂರಿನಲ್ಲಿ ಅಲಂಕಾರಕ್ಕೆ ಇಡಬೇಕಷ್ಟೇ. ಕರಾವಳಿಯ ನೆಂಟರಿಗೆ ಕೊಟ್ಟರೆ ಅಲ್ಲಿ ಸುಮ್ನೆ ಕೆಲಸ ಮಾಡುತ್ತದೆ.

"ದಿನಾ ಸಂಜೆ ಒತ್ತಡ ಇಳಿಯುತ್ತದೆ, ಮಳೆ ಮಾತ್ರ ಬರಲ್ಲ"

ಇದೂ ದೋಷವಲ್ಲ. ನಮ್ಮ ಕಡೆ ಗಾಳಿಯ ಒತ್ತಡಕ್ಕೆ ದಿನದ ಒಂದು ತಾಳ ಇದೆ. ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಏರಿರುತ್ತದೆ, ನಸುಕಿನ 4 ಮತ್ತು ಸಂಜೆ 4ರ ಸುಮಾರಿಗೆ ಇಳಿದಿರುತ್ತದೆ. ಸೂರ್ಯನ ಶಾಖ ಇಡೀ ವಾಯುಮಂಡಲವನ್ನೇ ಹೀಗೆ ದಿನಕ್ಕೆ ಎರಡು ಬಾರಿ ಏರಿಳಿಸುತ್ತದೆ. ಭೂಮಧ್ಯರೇಖೆಯ ಹತ್ತಿರದ ನಾಡುಗಳಲ್ಲಿ ಇದು ಜಾಸ್ತಿ, ಬೆಳಿಗ್ಗೆಗೂ ಸಂಜೆಗೂ 3–4 ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ ಬರುವುದು ಸಹಜ.

ಇಂಗ್ಲೆಂಡಿನಂಥ ಕಡೆ ಒಂದೆರಡು ದಿನದಲ್ಲೇ ಒತ್ತಡ 20–30 ಹೆಕ್ಟೊಪ್ಯಾಸ್ಕಲ್ ಬದಲಾಗಬಹುದು. ಅಲ್ಲಿನ ಜನ ಡಯಲ್ ಮೇಲೆ ರೇನ್, ಚೇಂಜ್, ಫೇರ್ ಅಂತ ಬರೆದುಕೊಂಡದ್ದಕ್ಕೆ ಅರ್ಥ ಇದೆ. ನಮ್ಮಲ್ಲಿ ಮುಂಗಾರು ಮಳೆ ಸುರಿಯುವಾಗಲೂ ಮುಳ್ಳು ಅಷ್ಟು ದೂರ ಹೋಗುವುದಿಲ್ಲ. ಆ ಅಕ್ಷರಗಳನ್ನು ಮರೆತುಬಿಡಿ. ಡಿಜಿಟಲ್ ಸ್ಟೇಷನ್‌ನ ಪರದೆಯಲ್ಲಿ ಸಂಜೆ ಆಗುತ್ತಿದ್ದಂತೆ ಮೂಡುವ ಮೋಡದ ಚಿತ್ರಕ್ಕೂ ಹೆಚ್ಚು ಬೆಲೆ ಕೊಡಬೇಡಿ, ಅದೂ ಇದೇ ಇಳಿಕೆ ನೋಡಿ ಮಳೆ ಅನ್ನುತ್ತದೆ.

ಸರಿಯಾಗಿ ನೋಡಬೇಕೆಂದರೆ ಇವತ್ತಿನ 10 ಗಂಟೆಯನ್ನು ನಿನ್ನೆಯ 10 ಗಂಟೆಗೆ ಹೋಲಿಸಿ. ಏರಿಕೆ ಇಳಿಕೆ ತಿರುಗುವ ಆ ಹೊತ್ತಿನಲ್ಲಿ ಒತ್ತಡ ಸ್ವಲ್ಪ ಹೊತ್ತು ಒಂದೇ ಕಡೆ ನಿಲ್ಲುತ್ತದೆ, ಸ್ಕ್ರೂ ಹೊಂದಿಸಲೂ ಅದೇ ಅನುಕೂಲ.

ಒಂದು ಸಂದರ್ಭದಲ್ಲಿ ಮಾತ್ರ ಎಚ್ಚರ ಬೇಕು. ಕರಾವಳಿಯಲ್ಲಿದ್ದೀರಿ, ಸಂಜೆ ಇಳಿದ ಒತ್ತಡ ರಾತ್ರಿ 10ಕ್ಕೂ ಏರಲಿಲ್ಲ, ಮರುದಿನ ಇನ್ನೂ ಇಳಿಯಿತು. ಇದು ಮೇ ತಿಂಗಳಲ್ಲೋ ಅಕ್ಟೋಬರ್ ನಂತರವೋ ಆದರೆ ಸ್ಕ್ರೂ ತಿರುಗಿಸಲು ಹೋಗಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಸಮುದ್ರದಲ್ಲಿ ಹಾದುಹೋದದ್ದು ನೆನಪಿದೆಯಲ್ವಾ? ಹವಾಮಾನ ಇಲಾಖೆಯ ಸೂಚನೆ ನೋಡಿ, ಉಪಕರಣದ ರಿಪೇರಿ ಆಮೇಲಿರಲಿ.

"ಮುಳ್ಳು ವಾರಗಟ್ಟಲೆ ಅಲ್ಲೇ ನಿಂತಿದೆ" ಅಥವಾ "ತಟ್ಟಿದರೆ ಮಾತ್ರ ಜಿಗಿಯುತ್ತದೆ"

ತಟ್ಟಿದಾಗ ಒಂದು ಹೆಕ್ಟೊಪ್ಯಾಸ್ಕಲ್ ಸರಿದರೆ ಅದು ಕೀಲುಗಳ ಸಹಜ ಘರ್ಷಣೆ. ಓದುವ ಮೊದಲು ತಟ್ಟುವುದೇ ಪದ್ಧತಿ. ನಾಲ್ಕೈದು ಜಿಗಿದರೆ ಒಳಗೆ ಧೂಳು ಅಥವಾ ತುಕ್ಕು ಇದೆ.

ಮೆಟ್ಟಿಲು ಹತ್ತಿ ನೋಡಿ. ಬೆಂಗಳೂರಿನ ಎತ್ತರದಲ್ಲಿ ಒಂಬತ್ತೂವರೆ ಮೀಟರ್ ಮೇಲೇರಿದರೆ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯಬೇಕು, ಅಂದರೆ ಹೆಚ್ಚುಕಮ್ಮಿ ಮೂರು ಮಹಡಿಗೆ ಒಂದು. ಹತ್ತು ಮಹಡಿಯ ಅಪಾರ್ಟ್‌ಮೆಂಟ್‌ನ ಲಿಫ್ಟಿನಲ್ಲಿ ಹೋದರೆ ಮೂರು ಅಂಕಿ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಮೈಸೂರಿನವರಿಗೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ಚಾಮುಂಡಿ ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಮೇಲೆ, 30 ಹೆಕ್ಟೊಪ್ಯಾಸ್ಕಲ್ ಇಳಿಯಬೇಕು. ಕೆಳಗೆ ಬಂದ ಮೇಲೆ ಮೊದಲಿನ ಅಂಕಿಗೇ ಮರಳುತ್ತದಾ ನೋಡಿ. ಮರಳದಿದ್ದರೆ ಸ್ಪ್ರಿಂಗ್ ಅಥವಾ ಸರಪಳಿಯಲ್ಲಿ ತೊಡಕಿದೆ.

ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಅಂಟಿ ಆರು ತಿಂಗಳಲ್ಲಿ ಪೂರ್ತಿ ಹಿಡಿದುಕೊಳ್ಳುತ್ತದೆ. ಹಳೆಯ ಗಡಿಯಾರ ರಿಪೇರಿ ಮಾಡುವ ಅನುಭವಸ್ಥರು ಕೀಲು, ಸರಪಳಿ ಸ್ವಚ್ಛ ಮಾಡಿಕೊಡಬಲ್ಲರು. ಸೋರಿದ ಡಬ್ಬಿಯನ್ನು ಬೆಸುಗೆ ಹಾಕಿಸಲು ಹೋಗಬೇಡಿ, ಅದನ್ನು ಬದಲಿಸುವುದೊಂದೇ ದಾರಿ. ಬದಲಿ ಡಬ್ಬಿ ಸಿಗದಿದ್ದರೆ ಉಪಕರಣದ ಆಯುಸ್ಸು ಮುಗಿಯಿತು ಅಂತಲೇ ಲೆಕ್ಕ.

"ಲ್ಯಾಬಿನಲ್ಲಿ 76 ಸೆಂ.ಮೀ. ಬರಬೇಕಿತ್ತು, 68.5 ಬರುತ್ತಿದೆ"

76 ಸಮುದ್ರಮಟ್ಟದ ಅಂಕಿ. ಬೆಂಗಳೂರಿನ ಲ್ಯಾಬಿನಲ್ಲಿ 68.5ರ ಹತ್ತಿರ ಬಂದರೆ ನಿಮ್ಮ ಫೋರ್ಟಿನ್ ಬ್ಯಾರೋಮೀಟರ್ (ಲ್ಯಾಬಿನ ಪಾದರಸದ ಬ್ಯಾರೋಮೀಟರ್) ಸತ್ಯ ಹೇಳುತ್ತಿದೆ. ಪುಸ್ತಕ ನೋಡಿ ರೆಕಾರ್ಡಿನಲ್ಲಿ 76 ಅಂತ ಬರೆದುಬಿಡುವ ವಿದ್ಯಾರ್ಥಿಗಳಿಗೆ ದಯವಿಟ್ಟು ಇದನ್ನು ತೋರಿಸಿ.

ಒಂದೆರಡು ಮಿಲಿಮೀಟರ್ ಮಾತ್ರ ಆಚೀಚೆ ಆಗುತ್ತಿದ್ದರೆ ಓದುವ ಕ್ರಮ ಗಮನಿಸಿ. ಕೊಳವೆ ನೆಟ್ಟಗೆ ತೂಗುತ್ತಿರಬೇಕು. ಕೆಳಗಿನ ತೊಟ್ಟಿಯಲ್ಲಿ ದಂತದ ಮೊನೆಯೂ ಪಾದರಸದಲ್ಲಿ ಕಾಣುವ ಅದರ ಬಿಂಬವೂ ಈಗಷ್ಟೇ ತಾಗಿದಂತೆ ಸ್ಕ್ರೂ ಹೊಂದಿಸಬೇಕು. ಪಾದರಸದ ಮೇಲ್ಮೈ ಗುಳಿ ಬಿದ್ದಂತೆ ಕಂಡರೆ ಮೊನೆ ಒಳಗೆ ಹೋಗಿದೆ ಅಂತ ಅರ್ಥ. ಮೇಲೆ ವರ್ನಿಯರ್‌ನ (ಸರಿಯುವ ಸಣ್ಣ ಅಳತೆಪಟ್ಟಿ) ಅಂಚು ಪಾದರಸದ ಉಬ್ಬಿನ ತುದಿಗೆ ತಾಗಬೇಕು, ಕಣ್ಣು ಅದೇ ಮಟ್ಟದಲ್ಲಿರಬೇಕು. ಕೊನೆಗೆ ಶಾಖದ ತಿದ್ದುಪಡಿ. 27 ಡಿಗ್ರಿಯಲ್ಲಿ ಪಾದರಸ ಹಿಗ್ಗಿರುವುದರಿಂದ ಸುಮಾರು 3 ಮಿ.ಮೀ. ಕಳೆಯಬೇಕು.

ಇಷ್ಟೆಲ್ಲ ಮಾಡಿಯೂ ಓದು ಯಾವಾಗಲೂ ಕಡಿಮೆಯೇ ಬರುತ್ತಿದ್ದರೆ ಕೊಳವೆಯ ತುದಿಯ ನಿರ್ವಾತಕ್ಕೆ ಗಾಳಿ ಸೇರಿದೆ. ಅಲ್ಲಿಗೆ ನಿಲ್ಲಿಸಿ. ಪಾದರಸ ಸೋಸಿ ಮತ್ತೆ ತುಂಬುವುದು ಲ್ಯಾಬ್ ಅಟೆಂಡರ್ ಕೈಲಿ ಮಾಡಿಸುವ ಕೆಲಸ ಅಲ್ಲ. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ಇಂಥ ಪಾದರಸದ ಬ್ಯಾರೋಮೀಟರ್‌ಗಳ ತಯಾರಿಕೆ ನಿಲ್ಲಿಸಲು 2020ರ ಗಡುವು ಇಟ್ಟಿತ್ತು. ರಿಪೇರಿಗೆ ದುಡ್ಡು ಸುರಿಯುವ ಬದಲು ಡಿಜಿಟಲ್ ತರಿಸಿ ಅನ್ನುವುದು ನನ್ನ ಸಲಹೆ.

ಒಡೆದು ಚೆಲ್ಲಿದರೆ: ಎಲ್ಲರನ್ನೂ ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಹೊರಗಡೆಯ ಕಿಟಕಿ ತೆಗೆದು ಒಳಬಾಗಿಲು ಮುಚ್ಚಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ, ಹನಿಗಳು ಒಡೆದು ಇನ್ನಷ್ಟು ಹರಡುತ್ತವೆ. ಸಿಂಕಿಗೆ ಹಾಕಬೇಡಿ. ಉಂಗುರ, ಬಳೆ ತೆಗೆದಿಡಿ, ಚಿನ್ನಕ್ಕೆ ಪಾದರಸ ಹತ್ತಿಕೊಳ್ಳುತ್ತದೆ. ಥರ್ಮಾಮೀಟರ್‌ನಷ್ಟು ಚಿಕ್ಕ ಪ್ರಮಾಣವಾದರೆ ಗ್ಲೌಸ್ ಹಾಕಿ, ರಟ್ಟಿನ ಎರಡು ತುಂಡುಗಳಿಂದ ಕೂಡಿಸಿ ಮುಚ್ಚಳದ ಬಾಟಲಿಗೆ ತುಂಬಬಹುದು. ಬ್ಯಾರೋಮೀಟರ್‌ನಲ್ಲಿ ಇರುವುದು ಅದರ ನೂರಾರು ಪಟ್ಟು. ಕೋಣೆಗೆ ಬೀಗ ಹಾಕಿ, ಅಪಾಯಕಾರಿ ತ್ಯಾಜ್ಯ ನಿಭಾಯಿಸುವವರನ್ನೇ ಕರೆಯಿರಿ.

"ನಾನೇ ಜೋಡಿಸಿದ ಸೆನ್ಸರ್ ಏನೇನೋ ತೋರಿಸುತ್ತಿದೆ"

ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಎಂಪಿ280 ಅನ್ನುವ ಒತ್ತಡದ ಸೆನ್ಸರ್ ತಂದು ಆರ್ಡುಯಿನೊ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಜೋಡಿಸುವವರು ಈಗ ಬಹಳ. 91000 ಅಂತ ಕಂಡರೆ ಅದು ಪ್ಯಾಸ್ಕಲ್, ನೂರರಿಂದ ಭಾಗಿಸಿ. ಸೆನ್ಸರೇ ಸಿಗುತ್ತಿಲ್ಲ ಅಂದರೆ ವಿಳಾಸ ನೋಡಿ. ಎಸ್‌ಡಿಒ ಪಿನ್ ಗ್ರೌಂಡ್‌ಗೆ ಸೇರಿದ್ದರೆ ಹೆಕ್ಸ್ 76, ಸಪ್ಲೈಗೆ ಸೇರಿದ್ದರೆ ಹೆಕ್ಸ್ 77. ತೇವಾಂಶ ಬರುತ್ತಿಲ್ಲವೇ? ಅಂಗಡಿಯಲ್ಲಿ ಬಿಎಂಇ (ತೇವಾಂಶವನ್ನೂ ಅಳೆಯುವ ಸೆನ್ಸರ್) ಅಂತ ಕೊಟ್ಟದ್ದು ಬಿಎಂಪಿ ಆಗಿರಬಹುದು, ಅದರಲ್ಲಿ ತೇವಾಂಶದ ಭಾಗವೇ ಇಲ್ಲ. ಚಿಪ್ ಐಡಿ ಓದಿಸಿ ನೋಡಿ, ಹೆಕ್ಸ್ 58 ಬಂದರೆ ಬಿಎಂಪಿ280, 60 ಬಂದರೆ ಬಿಎಂಇ280. ಬಿಸಿಲು ಬಿದ್ದಾಗ ಮಾತ್ರ ಅಂಕಿ ಕುಣಿದರೆ ಬೆಳಕು ನೇರವಾಗಿ ಸೆನ್ಸರ್‌ನ ರಂಧ್ರಕ್ಕೆ ಬೀಳುತ್ತಿದೆ, ಮರೆ ಮಾಡಿ. ರಂಧ್ರಕ್ಕೆ ಪಿನ್ ಚುಚ್ಚಿ ಸ್ವಚ್ಛ ಮಾಡಲು ಹೋದರೆ ಅಲ್ಲಿಗೆ ಮುಗಿಯಿತು. ರೆಗ್ಯುಲೇಟರ್ ಇಲ್ಲದ ಬೋರ್ಡಿಗೆ 5 ವೋಲ್ಟ್ ಕೊಡಬೇಡಿ, ಅದಕ್ಕೆ ಬೇಕಾದದ್ದು 3.3.

"ಮಧ್ಯಾಹ್ನ 41 ಡಿಗ್ರಿ ತೋರಿಸುತ್ತದೆ, ಊರಲ್ಲಿ 35 ಇದೆ"

ನಸುಕಿನಲ್ಲಿ ಓದಿ ನೋಡಿ. ಆಗ ಸರಿ, ಮಧ್ಯಾಹ್ನ ಮಾತ್ರ ಜಾಸ್ತಿ ಅಂದರೆ ಅದು ಬಿಸಿಲಿನ ಆಟ. ಸೆನ್ಸರ್ ಗಾಳಿಯನ್ನು ಅಳೆಯುವ ಬದಲು ತಾರಸಿಯ ಕಾಂಕ್ರೀಟನ್ನೋ ತಗಡನ್ನೋ ಅಳೆಯುತ್ತಿದೆ. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಗೋಡೆಯಿಂದ ದೂರ, ಗಾಳಿ ಆಡುವ ಬಿಳಿ ತಟ್ಟೆಗಳ ಕವಚದೊಳಗೆ ಇಡಿ. ಎಲ್ಲ ಹೊತ್ತಿನಲ್ಲೂ ಒಂದೇ ಸಮ ಎರಡು ಡಿಗ್ರಿ ಜಾಸ್ತಿ ಅಂದರೆ ಅದು ಸೆನ್ಸರ್‌ನದ್ದೇ ದೋಷ, ಸೆಟ್ಟಿಂಗ್‌ನಲ್ಲಿ ಕಳೆಯಿರಿ. ಕೆಂಪು ದ್ರವದ ಥರ್ಮಾಮೀಟರ್ ಇದ್ದಕ್ಕಿದ್ದಂತೆ ಕಡಿಮೆ ತೋರಿಸಿದರೆ ದ್ರವದ ಗೆರೆ ತುಂಡಾಗಿದೆಯಾ ನೋಡಿ.

ಗಾಜಿನ ಥರ್ಮಾಮೀಟರ್ ಪರೀಕ್ಷೆಗೆ ಪುಡಿ ಮಾಡಿದ ಐಸ್ ಮತ್ತು ನೀರಿನ ಮಿಶ್ರಣ ಸಾಕು, ಸೊನ್ನೆ ತೋರಿಸಬೇಕು. ಕುದಿಯುವ ನೀರಿನ ಪರೀಕ್ಷೆ ಬೇಡ. ಹವೆಯ ಥರ್ಮಾಮೀಟರ್ ಅಷ್ಟು ಶಾಖ ತಡೆಯುವುದಿಲ್ಲ, ಮೇಲಾಗಿ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ.

"ತೇವಾಂಶ 99ರಲ್ಲೇ ನಿಂತಿದೆ"

ಜುಲೈನಲ್ಲಿ ಆಗುಂಬೆಯಲ್ಲಿದ್ದರೆ ನಂಬಿ. ರಾಯಚೂರಿನ ಏಪ್ರಿಲ್ ಆದರೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿಹೋಗಬಾರದು. ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ, ಉಪ್ಪು ಸೆನ್ಸರ್‌ಗೆ ತಾಗದಿರಲಿ. ಬೆಳಿಗ್ಗೆ 75 ತೋರಿಸಬೇಕು. 80 ಬಂದರೆ ಐದು ಕಳೆಯಿರಿ. ಆಗಲೂ 99 ಅಂದರೆ ಸೆನ್ಸರ್ ಕೆಟ್ಟಿದೆ.

ಒಣ-ಒದ್ದೆ ಬಲ್ಬಿನ ಜೋಡಿ ಥರ್ಮಾಮೀಟರ್ ಎರಡೂ ಒಂದೇ ತೋರಿಸುತ್ತಿದ್ದರೆ ಮೊದಲು ಬತ್ತಿ ಮುಟ್ಟಿ ನೋಡಿ. ಒಣಗಿರುತ್ತದೆ, ಇಲ್ಲವೇ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಗಟ್ಟಿಯಾಗಿರುತ್ತದೆ. ಹೊಸ ತೆಳು ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ಕುದಿಸಿ ಕಟ್ಟಿ. ಡಿಸ್ಟಿಲ್ಡ್ ವಾಟರನ್ನೇ ಹಾಕಿ.

"ಪಕ್ಕದ ಎಸ್ಟೇಟಿನಲ್ಲಿ ಒಂದೂವರೆ ಇಂಚು, ನಮ್ಮಲ್ಲಿ ಎಪ್ಪತ್ತು ಸೆಂಟು"

ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈ ಮಾತು ದಿನಾ ಇದ್ದದ್ದೇ. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಬೇಸಿಗೆ ಮಳೆ ಒಂದು ಗುಡ್ಡದ ಮೇಲೆ ಸುರಿದು ಇನ್ನೊಂದನ್ನು ಬಿಟ್ಟುಹೋಗುವುದು ನಿಜ. ಅವರು ಓದುವುದು ಎಷ್ಟು ಗಂಟೆಗೆ ಅಂತಲೂ ಕೇಳಿ, ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30. ಪ್ರತಿ ಸಲವೂ ಸರಿಯಾಗಿ ಅರ್ಧ ಅಥವಾ ಎರಡರಷ್ಟು ಬರುತ್ತಿದ್ದರೆ ಮಾತ್ರ ಅಳತೆ ಗಾಜಿನ ಮೇಲೆ ಅನುಮಾನ ಪಡಿ. ಹಳೆಯ ಗಾಜು ಒಡೆದು ಬೇರೆ ತಂದಿದ್ದೀರಾ? ಆಲಿಕೆಯ ಬಾಯಿ 200 ಚದರ ಸೆಂ.ಮೀ. ಮತ್ತು 100 ಚದರ ಸೆಂ.ಮೀ. ಎರಡೂ ಬಗೆ ಇವೆ, ಒಂದರ ಗಾಜು ಇನ್ನೊಂದಕ್ಕೆ ಆಗುವುದಿಲ್ಲ. 200ರದ್ದಕ್ಕೆ 20 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಐದಿಂಚಿನ ಹಳೆಯ ಆಲಿಕೆಯಾದರೆ 12.7 ಮಿ.ಲೀ. ಸಿರಿಂಜಿನಲ್ಲಿ ಅಳೆದು ಗಾಜಿಗೆ ಹಾಕಿ ನೋಡಿ, ಗೊತ್ತಾಗಿಬಿಡುತ್ತದೆ.

ತೂಗುಬಟ್ಟಲಿನ (ತುಂಬಿದಾಗಲೆಲ್ಲ ವಾಲಿ ಮಳೆ ಎಣಿಸುವ ಸಣ್ಣ ಬಟ್ಟಲು) ಡಿಜಿಟಲ್ ಗೇಜ್ ಸೊನ್ನೆ ತೋರಿಸಿದರೆ ಆಲಿಕೆ ಎತ್ತಿ ನೋಡಿ. ಎಲೆ, ಜೇಡರ ಬಲೆ, ಇರುವೆ ಮಣ್ಣು, ಈ ಮೂರರಲ್ಲಿ ಒಂದು ಇರುತ್ತದೆ. ತೆಗೆದ ಮೇಲೆ ಪರೀಕ್ಷಿಸಿ. ನೀರಿನ ಬಾಟಲಿಯ ತಳಕ್ಕೆ ಸೂಜಿಯಷ್ಟು ತೂತು ಮಾಡಿ, 200 ಮಿ.ಲೀ. ನೀರು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ತೊಟ್ಟಿಕ್ಕಲು ಬಿಡಿ. 200 ಚದರ ಸೆಂ.ಮೀ. ಆಲಿಕೆ, 0.2 ಮಿ.ಮೀ. ಬಟ್ಟಲು ಆದರೆ 50 ಸಲ ವಾಲಬೇಕು, ಒಟ್ಟು 10 ಮಿ.ಮೀ. ಬೇಗ ಸುರಿದರೆ ಕಡಿಮೆ ಬರುತ್ತದೆ, ಬಟ್ಟಲು ವಾಲುವಷ್ಟರಲ್ಲಿ ನೀರು ತಪ್ಪಿಸಿಕೊಳ್ಳುತ್ತದೆ. ಜಡಿಮಳೆಯಲ್ಲಿ ಈ ಗೇಜ್‌ಗಳು ಕಡಿಮೆ ಲೆಕ್ಕ ಹಾಕುವುದು ಅದಕ್ಕೇ. ಮಲೆನಾಡಿನಲ್ಲಿ ಪಕ್ಕದಲ್ಲಿ ಒಂದು ಸಾದಾ ಗೇಜ್ ಕೂಡ ಇರಲಿ.

"ಪರದೆಯಲ್ಲಿ ಬರೀ ಗೆರೆಗಳು" ಮತ್ತು "ಗಾಳಿ ಬೀಸುತ್ತಿದೆ, ಅಂಕಿ ಸೊನ್ನೆ"

ಹೊರಗಿನ ಸೆನ್ಸರ್‌ನ ಸೆಲ್ ಬದಲಿಸಿ. ಮೊದಲು ಹೊರಗಿನದಕ್ಕೆ, ಆಮೇಲೆ ಒಳಗಿನದಕ್ಕೆ ಸೆಲ್ ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿ. ಮೇಜಿನ ಮೇಲೆ ಕೆಲಸ ಮಾಡಿ ತಾರಸಿಗೆ ಹೋದಾಗ ನಿಂತರೆ ನಡುವಿನ ಕಾಂಕ್ರೀಟ್ ಗೋಡೆಯದೇ ತಂಟೆ. ಗಾಳಿಯ ಬಟ್ಟಲು ಊದಿದರೆ ಸಲೀಸಾಗಿ ತಿರುಗಬೇಕು. ಕಿರುಗುಟ್ಟಿದರೆ ಬೇರಿಂಗ್ ಬದಲಿಸಿ. ಸಿಡಿಲು ಬಡಿದ ಮೇಲೆ ನಿಂತುಹೋಗಿದ್ದರೆ ಅಡಾಪ್ಟರ್ ಮತ್ತೆ ಚುಚ್ಚಬೇಡಿ, ಮೊದಲು ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡಲಿ.

ತಜ್ಞರ ಹತ್ತಿರ ಒಯ್ಯುವಾಗ

ಮನೆ ಬಳಕೆಗಾದರೆ ಮೇಲಿನ ಪರೀಕ್ಷೆಗಳೇ ಸಾಕು. ನಿಮ್ಮ ಅಂಕಿ ವಿಮೆ, ಸಂಶೋಧನೆ ಅಥವಾ ಕೋರ್ಟಿನ ಕೆಲಸಕ್ಕೆ ಬೇಕಾದರೆ ಮಾತ್ರ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ. ಒಯ್ಯುವ ಮೊದಲು ಒಂದು ವಾರ ಬೆಳಿಗ್ಗೆ 10 ಮತ್ತು ಸಂಜೆ 4ರ ಅಂಕಿ ಬರೆದಿಡಿ, ಪಕ್ಕದಲ್ಲೇ ಅದೇ ಹೊತ್ತಿನ ಮೆಟಾರ್ ಅಂಕಿ ಇರಲಿ. ವ್ಯತ್ಯಾಸ ಪ್ರತಿ ದಿನ ಒಂದೇ ಇದ್ದರೆ ಹೊಂದಿಸಿದರೆ ಸಾಕು. ದಿನಕ್ಕೊಂದು ರೀತಿ ಇದ್ದರೆ ಭಾಗ ಸವೆದಿದೆ. ರಿಪೇರಿಯವರಿಗೆ ಆ ಹಾಳೆ ಕೊಟ್ಟರೆ ಅವರ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಅನೆರಾಯ್ಡನ್ನು ಬಸ್ಸಿನಲ್ಲಿ ಒಯ್ಯುವುದಾದರೆ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಳ್ಳಿ. ಪಾದರಸದ್ದನ್ನು ಬಸ್ಸಿಗೆ ಹತ್ತಿಸಲೇಬೇಡಿ.